ಸುಮ್ಮನಿರುವ ಕಾಲು

ಕೆಲಸ ಬಲಗಾಲಿಗೆ ಮಾತ್ರ, ಎಂದಳು ಮೊರಾಗ್.
ಎಡಗಾಲು ಬರೀ ಜೊತೆಗಿದ್ದರೆ ಸಾಕು.
ಮುಯ್ಯಿ ತರದೆ ಮದುವೆಗೆ ಬಂದ ನೆಂಟನ ಹಾಗೆ
ಅದು ಪಕ್ಕದಲ್ಲಿ ಕಾಲು ಚಾಚಿ ಕೂತಿತು.

ಡಂಡಿಯ ಈ ಎರಡನೇ ಮಹಡಿಯಲ್ಲಿ
ಕಬ್ಬಿಣದ ಹಲಗೆಯನ್ನು ಅಂಗಾಲಿನಿಂದ ದೂಡುತ್ತೇನೆ.
ಎಂಟು ಸಲ. ಬಿಡುವು. ಮತ್ತೆ ಎಂಟು.
ದಿನಬೆಳಗಾದರೆ ಆಸ್ಪತ್ರೆಯಲ್ಲಿ
ರೋಗಿ ಸಮೇತ ಮಂಚ ದೂಡುವವಳು ನಾನು,
ಇದ್ಯಾವ ಮಹಾ ಎಂದುಕೊಂಡೇ ಬಂದಿದ್ದೆ.
ಐದನೇ ಸುತ್ತಿಗೆ ತೊಡೆ
ಒಗೆಯುವ ಕಲ್ಲಿನ ಮೇಲಿನ ಜಮಖಾನ.

ಆಮೇಲೆ ಮಲಗಿಸುತ್ತಾರೆ. ಇನ್ನು ಅಲುಗುವಂತಿಲ್ಲ.
ಎರಡೂ ತೊಡೆಗೆ ಬೆಂಕಿಪೊಟ್ಟಣದಷ್ಟು ಡಬ್ಬಿ,
ಅದರೊಳಗೊಂದು ದೀಪ,
ಚರ್ಮ ದಾಟಿ, ಕೊಬ್ಬು ದಾಟಿ
(ನನ್ನಲ್ಲಿ ಅದಕ್ಕೆ ತುಸು ದೂರದ ಪ್ರಯಾಣ)
ರಕ್ತದ ಬಣ್ಣ ನೋಡಿಕೊಂಡು ಬರುತ್ತದಂತೆ.

ತೊಡೆಯ ಬುಡಕ್ಕೆ ಪಟ್ಟಿ ಬಿಗಿದು ಗಾಳಿ ತುಂಬುತ್ತಾಳೆ.
ರಕ್ತ ಹೊಸ್ತಿಲಾಚೆಯೇ ನಿಲ್ಲುತ್ತದೆ.
ಇನ್ನು ಒಳಗಿರುವುದರಲ್ಲೇ ಸಂಸಾರ ತೂಗಬೇಕು.
ಪರದೆಯಲ್ಲಿ ಗೆರೆ ಇಳಿಯತೊಡಗುತ್ತದೆ
ತಿಂಗಳ ಕೊನೆಗೆ ಡಬ್ಬಿಯ ಅಕ್ಕಿ ಇಳಿದಂತೆ,
ಪಾವು ಹಿಡಿದವರಿಗಷ್ಟೇ ಗೊತ್ತಾಗುವಂತೆ.

ಬಲಗಾಲಿನ ಗೆರೆ ಜಾರುಬಂಡೆ.
ನಾನು ಅಲುಗಲಿಲ್ಲ ಕಣಮ್ಮಾ, ಎಂದೆ,
ಅಡುಗೆಮನೆಯಲ್ಲಿ ಬೆಲ್ಲ ಕದ್ದು ಸಿಕ್ಕಿಬಿದ್ದವಳ ದನಿಯಲ್ಲಿ.
ಗೊತ್ತು, ಎಂದಳು.
ಅಲುಗದೆ ಇರುವಾಗ ಅದು ಎಷ್ಟು ಉಸಿರು ಖರ್ಚು ಮಾಡುತ್ತದೆ,
ಅದೇ ನಮಗೆ ಬೇಕಾದ್ದು.

ತಾತನ ಗರಡಿಗೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ.
ಹಿತ್ತಲ ಕಿಂಡಿಗೆ ಕಣ್ಣಿಟ್ಟು ನೋಡುತ್ತಿದ್ದೆ:
ಗದೆ ತಿರುಗಿಸಿ, ಬಸ್ಕಿ ಹೊಡೆದು, ಸಾಮು ಮುಗಿಸಿ
ಹುಡುಗರು ಕೆಮ್ಮಣ್ಣಿನ ಮೇಲೆ ಅಡ್ಡಾಗುತ್ತಿದ್ದರು.
ಯಾರೂ ಮಾತಾಡಬೇಡ್ರೋ, ಎನ್ನುತ್ತಿದ್ದ ತಾತ,
ಮೈ ಈಗ ಉಣ್ತಾ ಇದೆ.
ಕಿಂಡಿಯಾಚೆ ನನಗೆ ನಗು ತಡೆಯಲಾಗುತ್ತಿರಲಿಲ್ಲ.
ಉಣ್ಣುವುದಾದರೆ ಸೊರ್ ಎನ್ನಬೇಡವೇ?

ಐವತ್ತನಾಲ್ಕನೇ ವಯಸ್ಸಿಗೆ ಒಳಗೆ ಬಿಟ್ಟಿದ್ದಾರೆ.
ಮಣ್ಣಿಲ್ಲ. ಸ್ಪಿರಿಟ್ಟಿನ ವಾಸನೆ ಇದೆ.

ಪಟ್ಟಿ ಬಿಚ್ಚಿದಾಗ
ಹೆಬ್ಬೆರಳ ತನಕ ಬಿಸಿ ಓಡಿತು,
ಶಾಲೆ ಬಿಟ್ಟ ಮಕ್ಕಳ ಥರ, ಎಲ್ಲ ಒಟ್ಟಿಗೆ.

ಮರುದಿನ ಅದೇ ಹಾಸಿಗೆ, ಅದೇ ಡಬ್ಬಿ.
ಬಲಗಾಲು ಇನ್ನೂ ನಿನ್ನೆಯ ಬಾಕಿ ತೀರಿಸುತ್ತಲೇ ಇತ್ತು.
ಮತ್ತೆ ಈ ಎಡದ್ದು? ಎಂದೆ. ಏನನ್ನೂ ಮಾಡದ್ದು?
ಪಕ್ಕದಲ್ಲೇ ಇತ್ತಲ್ಲ, ಅದಕ್ಕೇನೂ ತಟ್ಟಲಿಲ್ಲವೇ?
ಮೊರಾಗ್ ಕನ್ನಡಕ ಮೇಲೇರಿಸಿ ನೋಡಿದಳು.
ತುಸು ಹೆಚ್ಚಿದೆಯೋ, ಇಲ್ಲ ಪಟ್ಟಿಯ ಬಿಗಿಯ ದೋಷವೋ,
ಒಬ್ಬರ ಕಾಲಿನಿಂದ ಹೇಳಲಾಗದು.
ನನಗೆ ಯಾಕೋ ಅದಕ್ಕೂ ತಟ್ಟಿರಲಿ ಅನ್ನಿಸಿತು.
ಹೇಳಲಿಲ್ಲ.

ಹೊರಗಿನ ಬೆಂಚಿನಲ್ಲಿ ಆರ್ಚಿ ಗೆಡ್ಡಿಸ್, ಎಂಬತ್ತೊಂದು,
ತನ್ನ ಸರದಿಗೆ ಕಾಯುತ್ತ ಬಿಸ್ಕತ್ತು ತಿನ್ನುತ್ತಿದ್ದ.
ಸೆಣಬಿನ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷ ಮೂಟೆ ಹೊತ್ತ ಭುಜ.
ಮೂಟೆ ಇಳಿಸಿ ಮನೆಗೆ ಹೋಗಿ ಮಲಗಿದರೂ
ಇದು ರಾತ್ರಿಯಿಡೀ ಹೊರುತ್ತಲೇ ಇರುತ್ತಿತ್ತು, ಎಂದ,
ಭುಜವನ್ನು ಬೇರೆ ಯಾರದ್ದೋ ಎಂಬಂತೆ ತಟ್ಟಿ.
ಕೂಲಿ ಮಾತ್ರ ಸೈರನ್ ಆಗುವವರೆಗಿನದು.

ಹೋಗುವ ಮುನ್ನ ಒಂದು ಪ್ರಶ್ನೆಪತ್ರ ತುಂಬಬೇಕು.
ಹನ್ನೊಂದನೆಯದು:
ನಿನ್ನೆ ಎಷ್ಟು ಗಂಟೆ ವಿಶ್ರಾಂತಿ ಪಡೆದಿರಿ?
ಚೌಕದ ಮೇಲೆ ಪೆನ್ನು ನಿಂತಿತು.
ಕಿಟಕಿಯಾಚೆ ಟೇ ನದಿ,
ಏರಿತವೂ ಅಲ್ಲ ಇಳಿತವೂ ಅಲ್ಲ,
ಕೈಕಟ್ಟಿ ನಿಂತ ಹಾಗೆ ಕಾಣುತ್ತಿತ್ತು
ಸೇತುವೆಯ ಕಂಬಗಳ ಬುಡದಲ್ಲಿ ಮಾತ್ರ
ಸಣ್ಣಗೆ ಸುಳಿ.

ಏನಾದರೂ ಬರಿ ಮಾರಾಯ್ತಿ, ಎಂದ ಆರ್ಚಿ.
ಇನ್ನು ಎರಡೇ ಬಿಸ್ಕತ್ತು ಉಳಿದಿವೆ.